ತೊಳೆದಿಟ್ಟ ಜಾಕೆಟ್ಟು

ಪ್ರೇಮವ್ವನಿಗೆ ಹೊಲಸು ಕಂಡರೆ ಆಗದು. ಲಾಸ್ ಏಂಜಲೀಸ್‌ನಿಂದ ಎರಡು ತಾಸು ದೂರದ ಫೋರ್ ಎಸ್ ರ್ಯಾಂಚ್ ಬಡಾವಣೆಯ ತನ್ನ ಮನೆಯಲ್ಲೇ ರೊಟ್ಟಿ ಬಡಿದು ನಲವತ್ತು ಸಂಸಾರಗಳಿಗೆ ಮಾರುವವಳು; ಹಂಚಿಗಿಂತ ಅವಳ ಬಾಯಿ ಬಿಸಿ. ಆ ಬಾಯಿಗೆ ಹೆದರದೆ ಕರೋನಾ ಇಳಿದಾಗಿನಿಂದ ಕೆಲಸಕ್ಕೆ ನಿಂತವಳು ಲುಸಿಂಡಾ ಒಬ್ಬಳೇ. ಈ ನೆಲದ ಮೂಲನಿವಾಸಿ; ಅವಳ ಜನಕ್ಕೆಂದು ಸರ್ಕಾರ ಬಿಟ್ಟ ಬೆಟ್ಟದಾಚೆಯ ಜಾಗದವಳು, ರಿಸರ್ವೇಶನ್ನಿನವಳು. ಕನ್ನಡದಲ್ಲಿ ಅವಳು ಕಲಿತದ್ದು 'ಅವ್ವಾ' ಅನ್ನುವುದೊಂದೇ; ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ.

ಆ ಶುಕ್ರವಾರ ತುಟಿ ಒಡೆದುಕೊಂಡು ಬಂದಳು. ಜಾಕೆಟ್ಟಿನ ತೋಳೆಲ್ಲ ರಕ್ತ.

"ಯಾರದಿದು?"

"ಅವನದು, ಅವ್ವಾ. ಕತ್ತು ಹಿಸುಕಿದ, ಕೈ ಕಚ್ಚಿದೆ." ಅವಳು ಬಿಟ್ಟುಬಂದಿದ್ದ ಗಂಡಸು. "ಇದು ನಿಮ್ಮಲ್ಲಿರಲಿ. ನನ್ನ ಮನೆಯಲ್ಲಿದ್ದರೆ ಸುಟ್ಟುಬಿಡುತ್ತಾನೆ. ಸೋಮವಾರ ಅಕ್ಕನ ಜೊತೆ ಪೊಲೀಸರ ಹತ್ತಿರ ಹೋಗುತ್ತೇನೆ."

"ಅವನ ಕೈಗೆ ಹುಳ ಬೀಳಲಿ! ಎಲುಬು ಕಾಣೂಹಂಗ ಕಚ್ಚಬೇಕಿತ್ತಲ್ಲೇ!"

ಕನ್ನಡದ ಬೈಗುಳ ತಿಳಿಯದಿದ್ದರೂ ಲುಸಿಂಡಾ ನಗಲು ಹೋಗಿ ತುಟಿ ಹಿಡಿದುಕೊಂಡಳು.

ಶನಿವಾರ ಪ್ರೇಮವ್ವ ಜಾಕೆಟ್ಟನ್ನು ಉಪ್ಪುನೀರಲ್ಲಿ ನೆನೆಹಾಕಿದಳು. ರಕ್ತದ ಬಟ್ಟೆಯನ್ನು ಅಡುಗೆಮನೆ ಪಕ್ಕ ಇಡುವುದುಂಟೇ? ಹೆಣ್ಣುಮಗಳು ಅದನ್ನು ಹಿಡಿದು ನಾಲ್ಕು ಗಂಡಸರೆದುರು ನಿಂತರೆ ಮಾನ ಉಳಿಯುತ್ತದೆಯೇ? ಲಿಂಬೆಹಣ್ಣು ಹಚ್ಚಿ ತಿಕ್ಕಿ, ಇಸ್ತ್ರಿ ಮಾಡಿ ಮಡಚಿಟ್ಟಳು.

ಸೋಮವಾರ ಲುಸಿಂಡಾ ಬರಲಿಲ್ಲ. ಬುಧವಾರ ಅವಳ ಅಕ್ಕ ವರ್ಜೀನಿಯಾ ಬಂದಳು, ಜೊತೆಗೊಬ್ಬ ಪೊಲೀಸ. ಹೆದ್ದಾರಿ ಬದಿಯಲ್ಲಿ ಕಾರು ಸಿಕ್ಕಿದೆ, ತಂಗಿ ಇಲ್ಲ. ಪೊಲೀಸ ತಂಗಿಯನ್ನು ಮೆಕ್ಸಿಕೋದವಳೆಂದು ಬರೆದುಕೊಂಡಿದ್ದನ್ನು ಅಕ್ಕ ಮೂರನೇ ಸಲ ತಿದ್ದಿಸಿದಳು. ಆ ಗಂಡಸು ಲುಸಿಂಡಾಳನ್ನು ನೋಡಿ ತಿಂಗಳಾಯಿತು ಅನ್ನುತ್ತಾನಂತೆ. ಕೈ ಕಚ್ಚಿದ್ದು ನಾಯಿಯಂತೆ.

"ಜಾಕೆಟ್ಟಿನ ರಕ್ತ ಒಂದೇ ಅವನ ಸುಳ್ಳು ಹಿಡಿಯೋದು," ಅಂದಳು ವರ್ಜೀನಿಯಾ.

ಪ್ರೇಮವ್ವ ತಂದುಕೊಟ್ಟಳು. ಪೊಲೀಸ ತೋಳು ತಿರುವಿ ನೋಡಿದ.

"ಒಗೆದಿರಾ?"

ಪ್ರೇಮವ್ವ ತೋಳು ಹಿಡಿದು ಕಲೆ ಇದ್ದ ಜಾಗ ಹುಡುಕತೊಡಗಿದಳು.

ಲ್ಯಾಬಿನಿಂದ ಎರಡು ತಿಂಗಳಿಗೆ ಉತ್ತರ ಬಂತು: ಏನೂ ಸಿಗಲಿಲ್ಲ.

"ನೀ ಒಗದದ್ದಂದ್ರ ಹಂಗ," ಅಂದ ಗಂಡ ನೀಲಕಂಠಪ್ಪ, ಉಣ್ಣುತ್ತ. "ಸರ್ಕಾರಕ್ಕೂ ಕಲೆ ಸಿಗಲಿಲ್ಲ ನೋಡು."

ಪ್ರೇಮವ್ವ ಅವನ ತಾಟು ಎತ್ತಿ ಗೋಡೆಗೆ ಬಡಿದಳು.

ಮುಂದಿನ ವಾರ ಲಾಸ್ ಏಂಜಲೀಸ್‌ನಲ್ಲಿ ಗುರುತಿಲ್ಲದ ಹೆಣವೊಂದಿದೆ ಎಂದು ಫೋನು ಬಂತು. ವರ್ಜೀನಿಯಾ ಜೊತೆ ಪ್ರೇಮವ್ವನೂ ಹೋದಳು. ಹೆಣ ಲುಸಿಂಡಾಳದಲ್ಲ, ಇನ್ಯಾರದೋ ಮನೆಮಗಳು.

ಹೊರಗೆ ಪಾರ್ಕಿಂಗ್‌ನಲ್ಲಿ ಪ್ರೇಮವ್ವ ವರ್ಜೀನಿಯಾಳ ಕೈ ಹಿಡಿದಳು. "ನನಗೆ ಬೈಯಿ. ಹೊಡಿ ಬೇಕಾದರೆ."

"ಹಿಂದೆ ನಮ್ಮ ಚಿಕ್ಕಮ್ಮನೂ ಹೀಗೇ ಕಾಣೆಯಾದಳು, ಆಗ ಜಾಕೆಟ್ಟೂ ಇರಲಿಲ್ಲ. ಯಾರಿಗೆ ಬೈಯಲಿ?" ವರ್ಜೀನಿಯಾ ಕಾರಿನ ಬಾಗಿಲು ತೆಗೆದಳು. "ತಂಗಿಯನ್ನು ಹೊಡೆದವನು ಈಗ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ. ಅವಳೂ ನಮ್ಮ ರಿಸರ್ವೇಶನ್ನಿನವಳೇ. ಹೋಗಿ ಹೇಳಿದೆ, ಓಡಿಹೋಗು ಅಂತ."

"ಏನಂದಳು?"

"ರುಜುವಾತು ಏನಿದೆ, ತೋರಿಸು ಅಂದಳು."