ಯಾರ ಕೈಯಿಂದ

ನಲ್ಲಿಯ ತುದಿಯ ಜಾಲರಿಯನ್ನು ನಯನಾ ತಿರುಗಿಸಿ ಬಿಚ್ಚಿದಾಗ ಒಳಗಿನಿಂದ ಕಪ್ಪು ಲೋಳೆ ಜಾರಿ ಬೆರಳಿಗೆ ಅಂಟಿತು. ಚರಂಡಿಯ ನಾತ. ಎರಡು ವರ್ಷದಿಂದ ಈ ನೀರಿನಲ್ಲೇ ಕೈ ತೊಳೆದು ಅವಳು ಅಂಗೈಯಗಲದ ಮಕ್ಕಳನ್ನು ಎತ್ತಿದ್ದಳು.

ಬನ್ನಿಮಂಟಪದ ಆ ಖಾಸಗಿ ಆಸ್ಪತ್ರೆಯಲ್ಲಿ ಅವಳು ನರ್ಸ್. ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಹದಿನೈದು ದಿನಗಳಲ್ಲಿ ಮೂರು ಮಕ್ಕಳಿಗೆ ರಕ್ತದಲ್ಲಿ ನಂಜೇರಿತ್ತು. ಮೂರನೆಯದು ಸುಷ್ಮಿತಾಳ ಅವಳಿ ಗಂಡುಮಕ್ಕಳಲ್ಲಿ ದೊಡ್ಡದು. ನಿನ್ನೆ ಬೆಳಿಗ್ಗೆ ತೀರಿಕೊಂಡಿತ್ತು.

ಹಿರಿಯ ನರ್ಸ್ ಪ್ರೇಮಲೀಲಾ ಲೋಳೆಯನ್ನು ನೋಡಿ ಮುಖ ತಿರುಗಿಸಿದರು. "ಮೊದ್ಲು ಬಿಸಾಕು ಅದನ್ನ. ನಾಳೆ ಆರೋಗ್ಯ ಇಲಾಖೆಯೋರು ತಪಾಸಣೆಗೆ ಬರ್ತಾರೆ. ಹೊಸ ನಲ್ಲಿ ಹಾಕ್ಸಿಬುಡೋಣ."

"ಸೋಪಿನ ಬಾಟ್ಲೀಲೂ ನೀರೇ ಮೇಡಂ. ಮುಗೀತಾ ಬಂದಂಗೆಲ್ಲ ನೀರು ಬೆರೆಸ್ತಾ ಬಂದ್ವಿ."

"ಗೊತ್ತು ಕಣೆ, ಸುಮ್ನಿರು. ಆ ಮಗು ತಾಯಿ ಕೈಯಿಂದಾನೇ ಸೋಂಕು ಅಂತ ಡಾಕ್ಟ್ರು ಹೇಳಾಗಿದೆ." ಪ್ರೇಮಲೀಲಾ ದನಿ ತಗ್ಗಿಸಿದರು. "ಅಶೋಕಪುರಂ ಕೇರಿಯೋರಲ್ವಾ? ಕೊಳಕು ಕೈ ಅಂದ್ರೆ ಯಾರೂ ಮರುಮಾತಾಡಲ್ಲ."

ನಯನಾ ಜಾಲರಿಯನ್ನು ಬೇಸಿನ್ನಿನ ಅಂಚಿಗಿಟ್ಟು ಬೆರಳು ಒರೆಸಿಕೊಂಡಳು. ಹಾಗೇ ನಿಂತಿದ್ದರೆ ಅವರ ಮುಖದ ಮೇಲೇ ವಾಂತಿಯಾಗುತ್ತಿತ್ತೇನೋ. ಒಳಗೆ ಹೋದಳು.

ಸುಷ್ಮಿತಾ ಉಳಿದ ಮಗುವಿನ ಗಾಜಿನ ಪೆಟ್ಟಿಗೆಯ ಪಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದಳು. ನಿನ್ನೆಯಿಂದ ಮಗುವನ್ನು ಮುಟ್ಟಿರಲಿಲ್ಲ.

"ಎದೆಗೆ ಹಾಕ್ಕೊಳ್ಳಿ, ಅದಕ್ಕೆ ನಿಮ್ಮ ಮೈ ಕಾವು ಬೇಕು," ಎಂದಳು ನಯನಾ.

"ಬ್ಯಾಡ ಸಿಸ್ಟರ್. ದೊಡ್ಡೋನು ಹೋಗಿದ್ದು ನನ್ನ ಕೈಯಿಂದಾನೇ ಅಲ್ವಾ? ಇವ್ನಾದ್ರೂ ಉಳ್ಕೊಳ್ಲಿ."

ಬಾಗಿಲಲ್ಲಿ ಪ್ರೇಮಲೀಲಾ ಬಂದು ನಿಂತದ್ದನ್ನು ನಯನಾ ಕಂಡಳು.

"ನಿಮ್ಮ ಕೈಯಿಂದ ಅಲ್ಲ ಕಣಮ್ಮ, ನಮ್ಮ ಕೈಯಿಂದ. ಮೂರು ಮಕ್ಳಿಗೂ ಒಂದೇ ರೋಗಾಣು. ಮಿಕ್ಕಿಬ್ರನ್ನ ನೀವು ಮುಟ್ಟೇ ಇಲ್ಲ. ನಾನು ಮೂವರನ್ನೂ ಮುಟ್ಟಿದೀನಿ." ನಲ್ಲಿಯ ವಿಷಯ, ಸೋಪಿನ ವಿಷಯ ಎಲ್ಲವನ್ನೂ ಹೇಳಿದಳು. "ನಯನಾ!" ಎಂದು ಪ್ರೇಮಲೀಲಾ ಗದರಿದರೂ ನಿಲ್ಲಿಸಲಿಲ್ಲ.

ಸುಷ್ಮಿತಾ ಕಂಕುಳಿಂದ ಕೈಗಳನ್ನು ಹೊರತೆಗೆದು ನೋಡಿಕೊಂಡಳು. ಅಳಲಿಲ್ಲ. "ಕೈ ತೊಳ್ಯೋಕೆ ಒಳ್ಳೇದೇನಾದ್ರೂ ಇದ್ಯಾ?" ಎಂದಳು.

ನಯನಾ ಸೀಲ್ ಒಡೆಯದ ಸ್ಯಾನಿಟೈಸರ್ ಬಾಟಲಿ ತಂದು ಕೊಟ್ಟಳು. ಸುಷ್ಮಿತಾ ತಾನೇ ಸೀಲ್ ಕಿತ್ತು, ಮೊಣಕೈವರೆಗೂ ಉಜ್ಜಿಕೊಂಡಳು. ನಯನಾ ತಾನೂ ಅದನ್ನೇ ಹಚ್ಚಿಕೊಂಡು, ಮಗುವನ್ನು ಎತ್ತಿಕೊಡಲು ಮುಂದೆ ಬಾಗಿದಳು.

"ಮುಟ್ಬೇಡಿ ನೀವು."

ನಯನಾ ಹಿಂದೆ ಸರಿದಳು. ಬಾಗಿಲಲ್ಲಿ ಪ್ರೇಮಲೀಲಾ ಆಗಲೇ ಯಾರಿಗೋ ಫೋನು ಮಾಡುತ್ತಿದ್ದರು.

ಸುಷ್ಮಿತಾ ಮಗುವನ್ನು ಎತ್ತಿ ಎದೆಗೆ ಒರಗಿಸಿಕೊಂಡು ಸೆರಗು ಹೊದಿಸಿದಳು. ಮಗುವಿನ ಕಾಲಿಗೆ ಕಟ್ಟಿದ್ದ ಮಾನಿಟರಿನ ವೈರು ಬಿಗಿಯಾಯಿತು. ಅದು ಸಡಿಲಾಗುವವರೆಗೂ ಅವಳು ಕೂತ ಕುರ್ಚಿಯನ್ನು ಕಾಲಿನಿಂದಲೇ ಇಷ್ಟಿಷ್ಟೇ ಮುಂದಕ್ಕೆ ಎಳೆದುಕೊಂಡಳು.