ಕರೆದರೆ ತಿರುಗದ ಮೊಂಡ

ಆ ನಾಯಿ ಬಡಗಿಯ ಮನೆಗೆ ಬಂದದ್ದು ಹೆಂಡತಿಗೆ ಹೇಳದೆ ಕೇಳದೆ. ಸಾಮಾನು ತುಂಬಲು ಮರದ ಪೆಟ್ಟಿಗೆ ಮಾಡಿಸಿಕೊಂಡ ಮನೆಯವರು ಊರು ಬಿಡುವ ದಿನ, “ನಿಮಗೆ ಚೆನ್ನಾಗಿ ಹೊಂದ್ಕೊಂಡಿದೆ, ಇಟ್ಕೊಂಡುಬಿಡಿ” ಎಂದು ಹಗ್ಗವನ್ನು ಅವನ ಕೈಗೇ ಕೊಟ್ಟಿದ್ದರು. ಮೈಯೆಲ್ಲ ಬಿಳಿ, ಒಂದು ಕಣ್ಣಿನ ಸುತ್ತ ಮಾತ್ರ ಕಂದು ಮಚ್ಚೆ.

ವಾರ ಕಳೆಯುವುದರೊಳಗೆ ಅದಕ್ಕೆ ಮೊಂಡ ಎಂಬ ಹೆಸರು ಅಂಟಿತು. ಕರೆದರೆ ತಿರುಗದು, ಗದರಿದರೆ ಕದಲದು. ಆದರೆ ಬಡಗಿ ಜೊತೆಗೆ ಕರೆದೊಯ್ದ ದಿನಗಳಲ್ಲಿ, ಕೆಲಸದ ಶೆಡ್ಡಿನಲ್ಲಿ ಗರಗಸದ ಯಂತ್ರ ಕಿರುಚಿದಾಗ ಬೀದಿ ನಾಯಿಗಳೆಲ್ಲ ಬಾಲ ಮುದುರಿ ಓಡಿದರೂ ಮೊಂಡ ಮರದ ಹೊಟ್ಟಿನ ಮೇಲೆ ಅಂಗಾತ ಬಿದ್ದು ನಿದ್ದೆ ಹೊಡೆಯುತ್ತಿತ್ತು.

“ಧೈರ್ಯ ಅಂದ್ರೆ ಇದು ಕಣೇ!” ಎಂದು ಬಡಗಿ ಎದೆಯುಬ್ಬಿಸುತ್ತಿದ್ದ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ, ಮಲಗಿದ್ದ ಮೊಂಡನ ಬೆನ್ನು ಸವರಲು ಹೆಂಡತಿ ಹಿಂದಿನಿಂದ ಕೈ ಇಟ್ಟಳು. ಅದು ಬೆಚ್ಚಿ ಎದ್ದು ಬಾಯಿ ಹಾಕಿತು. ಹಲ್ಲು ತಾಗಿ ಮಣಿಕಟ್ಟು ತರಚಿ, ಒಂದು ಹನಿ ರಕ್ತ ಬಂತು. ಗಾಯಕ್ಕೆ ಸೂಜಿ ಚುಚ್ಚಿಸಿಕೊಂಡು ಬಂದವಳೇ ಹೇಳಿದಳು: “ಇವತ್ತೇ ಡಾಕ್ಟರಿಗೆ ತೋರ್ಸಿ. ಇಲ್ಲಾಂದ್ರೆ ಇದು ಈ ಮನೇಲಿ ಬೇಡ.”

ಪ್ರಾಣಿವೈದ್ಯೆ ಎಲ್ಲವನ್ನೂ ಕೇಳಿ, ಮೊಂಡನ ಬೆನ್ನ ಹಿಂದೆ ನಿಂತು ಎರಡು ಸ್ಟೀಲ್ ತಟ್ಟೆಗಳನ್ನು ಫಟಾರನೆ ಬಡಿದರು. ಪಕ್ಕದ ಬುಟ್ಟಿಯಲ್ಲಿದ್ದ ಬೆಕ್ಕು ಚಂಗನೆ ನೆಗೆಯಿತು. ಮೊಂಡ ಗೋಡೆಯ ಮೇಲಿನ ನೊಣವನ್ನೇ ನೋಡುತ್ತಿತ್ತು.

“ಇದಕ್ಕೆ ಕಿವಿ ಕೇಳಿಸಲ್ಲ. ಬಹುಶಃ ಹುಟ್ಟಿದಾಗಿನಿಂದ್ಲೇ” ಎಂದರು ವೈದ್ಯೆ. “ಕಚ್ಚಿದ್ದು ಸಿಟ್ಟಿಗಲ್ಲಮ್ಮ, ಗಾಬರಿಗೆ. ಎಬ್ಬಿಸೋವಾಗ ಮುಟ್ಬೇಡಿ. ಮೂಗಿನ ಮುಂದೆ ಸ್ವಲ್ಪ ದೂರದಲ್ಲಿ ಅಂಗೈ ಹಿಡೀರಿ, ವಾಸನೆಗೆ ತಾನೇ ಏಳತ್ತೆ. ಹೇಳೋದನ್ನೆಲ್ಲ ಕೈಸನ್ನೆಯಲ್ಲಿ ಹೇಳ್ಕೊಡಿ. ರಸ್ತೇಲಿ ಮಾತ್ರ ಹಗ್ಗ ಬಿಡಬೇಡಿ.”

ಬಡಗಿ ಬಗ್ಗಿ ಮೊಂಡನ ಕಿವಿ ಸವರಿದ. ಹೆಂಡತಿ ಅವನತ್ತ ತಿರುಗಿದಳು: “ಮೂರು ತಿಂಗಳು ನೀವು ಬೈದಿದ್ದೆಲ್ಲ ಗೋಡೆಗೆ ಬೈದ ಹಾಗಾಯ್ತಲ್ರೀ!”

ದಾರಿಯಲ್ಲಿ ಅವಳು ಥಟ್ಟನೆ ನಿಂತಳು. “ಹಾಗಾದ್ರೆ ನೀವು ಬರೋದು ಇದಕ್ಕೆ ಹೇಗ್ರೀ ಗೊತ್ತಾಗತ್ತೆ? ಮನೇಲಿದ್ದ ದಿನವೆಲ್ಲ ಸಂಜೆ ನಿಮ್ಮ ಗಾಡಿ ಸದ್ದು ನನಗೆ ಕೇಳೋ ಮೊದಲೇ ಬಾಗಿಲಿಗೆ ಹೋಗಿ ನಿಲ್ಲತ್ತೆ.”

ಮರುದಿನ ಅದನ್ನು ಪರೀಕ್ಷಿಸಲೆಂದೇ ಬಡಗಿ ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು, ಎರಡು ಗಂಟೆ ಮೊದಲೇ, ಮನೆ ಹಿಂದಿನ ಓಣಿ ಹಿಡಿದು ನಡೆದು ಬರತೊಡಗಿದ. ಹೆಂಡತಿ ಮನೆಯಲ್ಲಿ ಮೊಂಡನನ್ನೇ ನೋಡುತ್ತಿದ್ದಳು. ನಿದ್ದೆಯಲ್ಲೇ ಅದರ ಮೂಗು ಅಲುಗಿತು. ಕಣ್ಣು ತೆರೆಯಿತು. ಎದ್ದು, ಮುಂಬಾಗಿಲ ಕಡೆ ತಿರುಗಿಯೂ ನೋಡದೆ ನೇರವಾಗಿ ಹಿತ್ತಿಲ ಬಾಗಿಲಿಗೆ ಹೋಗಿ ನಿಂತಿತು. ಬಾಲ ಆಡತೊಡಗಿತು. ಹಿತ್ತಿಲ ಗೋಡೆಯಾಚೆ ಯಾರೂ ಇರಲಿಲ್ಲ. ಅವಳು ನೂರರವರೆಗೆ ಎಣಿಸಿದ ಮೇಲೆ, ಓಣಿಯ ತಿರುವಿನಲ್ಲಿ ಗಂಡನ ತಲೆ ಕಂಡಿತು. ಒಳಗೆ ಬಂದವನಿಗೆ ಅವಳು ಎಲ್ಲವನ್ನೂ ಹೇಳಿದಳು.

ಬಡಗಿ ಹೊಸ್ತಿಲಲ್ಲೇ ಕೂತ. ಕಣ್ಣು ಮುಚ್ಚಿ ಮೂಸಿ ಇದು ತೇಗ, ಇದು ದೇವದಾರು ಎಂದು ಹೇಳಬಲ್ಲೆನೆಂದು ಬೀಗುತ್ತಿದ್ದವನು ತನ್ನ ಅಂಗಿಯನ್ನೇ ಎತ್ತಿ ಮೂಸಿದ. ಬೆವರು, ಗೋಂದು, ಅಷ್ಟೇ. ಈ ವಾಸನೆಯಲ್ಲಿ ಮೊಂಡ ಏನನ್ನು ಓದಿತು? ಗಾಳಿ ಅದಕ್ಕೆ ಏನೇನು ಹೇಳಿತು?

ತಿಂಗಳಲ್ಲಿ ಮೊಂಡ ಒಂಬತ್ತು ಸನ್ನೆ ಕಲಿಯಿತು. ಕಲಿಸಿದವಳು ಹೆಂಡತಿಯೇ. ಬೆಳಗಿನ ನಡಿಗೆಗೂ ಅವಳೇ ಕರೆದೊಯ್ಯುತ್ತಿದ್ದಳು. ಅದು ಹತ್ತು ಹೆಜ್ಜೆಗೊಮ್ಮೆ ನಿಂತು, ತಿರುಗಿ ಅವಳ ಮುಖ ನೋಡುತ್ತಿತ್ತು.

“ಏನಂತೆ ಅದಕ್ಕೆ?” ಎಂದು ಹಾಲಿನಂಗಡಿಯವಳು ಕೇಳಿದಳು.

“ಇದೀಯಾ ಅಂತ ಕೇಳತ್ತೆ” ಎಂದು ಬಡಗಿಯ ಹೆಂಡತಿ ಎದೆಯ ಮೇಲೆ ಅಂಗೈ ಇಟ್ಟು, ‘ಇದೀನಿ’ ಎಂದು ಮೊಂಡನಿಗೆ ತೋರಿಸಿದಳು. ಮೊಂಡ ಕಣ್ಣು ಮಿಟುಕಿಸಿ ಮುಂದೆ ನಡೆಯಿತು.