ಆನೆಯ ಬಿಸ್ಕಿಟ್ ಡಬ್ಬಿ

ನರಗುಂದದ ಕಾಲೇಜಿನಲ್ಲಿ ನಾಳೆ ಹಳೆಯ ತಗಡಿನ ಡಬ್ಬಿ, ಜಾಹೀರಾತು ಫಲಕಗಳ ಪ್ರದರ್ಶನ. ಎಲ್ಲವೂ ನಿವೃತ್ತ ಶಿಕ್ಷಕಿ ಭಾಗೀರಥಿಬಾಯಿ ಮೂವತ್ತು ವರ್ಷ ಊರೂರು ತಿರುಗಿ ಕೂಡಿಹಾಕಿದವು. ನಟ್ಟನಡುವೆ ಇಡುವುದು ಆನೆಯಾಕಾರದ ಬಿಸ್ಕಿಟ್ ಡಬ್ಬಿ. ಅಂಬಾರಿಯೇ ಅದರ ಮುಚ್ಚಳ. 'ನೂರು ವರ್ಷ ಹಳೆಯದು' ಎಂದು ಚೀಟಿಯನ್ನೂ ಬರೆದಾಗಿತ್ತು. ಅದು ಯಾವ ಮನೆತನದ್ದೆಂದು ಮಾರಿದ ಶಿವನಪ್ಪನನ್ನೇ ಕೇಳಿ ಸೇರಿಸೋಣವೆಂದು, ಹೇಳದೆ ಕೇಳದೆ ಗಜೇಂದ್ರಗಡದ ಅವನ ಮನೆಗೆ ಹೋದರು.

ಶಿವನಪ್ಪ ಇರಲಿಲ್ಲ. ಹೆಂಡತಿ ಸಕ್ಕೂಬಾಯಿ ಸಂಭ್ರಮದಿಂದ ಹಿತ್ತಲಿಗೇ ಕರೆದೊಯ್ದಳು.

"ಆನಿ ಬೇಕೇನ್ರಿ ಅಕ್ಕಾರ? ಇನ್ನೂ ಮೂರ ಅದಾವ, ಬರ್ರಿ."

ಗುಂಡಿಯೊಂದರಲ್ಲಿ ಎಮ್ಮೆಯ ಗಂಜಲ ನೊರೆಗಟ್ಟಿ ನಿಂತಿತ್ತು. ಮೂರು ಆನೆಗಳು ಸೊಂಡಿಲಿನವರೆಗೆ ಅದರಲ್ಲಿ ಮುಳುಗಿದ್ದವು. ಮೇಲೆ ನೊಣದ ಹಿಂಡು.

"ಏನವ್ವಾ ಇದು?"

"ಉಪ್ಪು, ಹುಣಸಿಹಣ್ಣು, ಎಮ್ಮಿ ಉಚ್ಚಿ. ಎಂಟ ದಿನ ಬಿಟ್ರ ನೂರ ವರ್ಷದ್ವು ಆಗ್ತಾವ್ರಿ. ನಿಮ್ಮದು ಹತ್ತ ದಿನ ಇಟ್ಟಿದ್ವಿ. ನೀವಂದ್ರ ನಮ್ಮವರಿಗೆ ಭಾಳ ಗೌರವ."

ಭಾಗೀರಥಿಬಾಯಿಗೆ ತಮ್ಮ ಆನೆ ನೆನಪಾಯಿತು. ದೀಪಾವಳಿಗೆ ಅದೇ ಡಬ್ಬಿಯ ತುಂಬ ಶಂಕರಪಾಳಿ ಹಾಕಿ ಬೀಗರ ಮುಂದೆ ಇಟ್ಟಿದ್ದರು. ಮುಚ್ಚಳ ತೆಗೆದು ಮೂಸಿ, "ನೋಡ್ರಿ, ಹಳೇ ಕಾಲದ ವಾಸನಿ" ಎಂದು ಹಿಗ್ಗಿದ್ದರು. ಈಗ ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿ ವಾಂತಿ ಮಾಡಿಕೊಂಡರು. ಸಕ್ಕೂಬಾಯಿ ಹಣೆ ಹಿಡಿದಳು, ಬಾಯಿಗೆ ನೀರು ಕೊಟ್ಟಳು, ಏನು ತಪ್ಪು ಮಾಡಿದೆನೋ ಎಂದು ತಿಳಿಯದೆಯೂ ತನ್ನ ಸೆರಗಿನಿಂದಲೇ ಮುಖ ಒರೆಸಿದಳು.

ಅಷ್ಟರಲ್ಲಿ ಬಂದ ಶಿವನಪ್ಪ ಗುಂಡಿಯನ್ನೂ ಅವರನ್ನೂ ನೋಡಿ ಹಲ್ಲು ಕಿರಿದ. "ನಮ್ಮ ನಿಮ್ಮೊಳಗ ಇರ್ಲಿ ಬಿಡ್ರಿ ಅಕ್ಕಾರ. ಹೇಳಿದ್ರ ಮಂದಿ ನಗೂದು ನನಗಲ್ಲ, ನಿಮಗ."

ಬಸ್ಸು ರೋಣ ದಾಟುವವರೆಗೂ ಭಾಗೀರಥಿಬಾಯಿ ಸುಮ್ಮನಿದ್ದುಬಿಡುವ ಯೋಚನೆಯಲ್ಲೇ ಇದ್ದರು. ನಂತರ ತಮ್ಮ ಆ ಯೋಚನೆಗೇ ಹೇಸಿದರು. ಅದು ಗುಂಡಿಗಿಂತ ಹೆಚ್ಚು ನಾರಿತು.

ಮರುದಿನ ಆನೆಯ ಮುಂದಿನ ಹೊಸ ಚೀಟಿಯನ್ನು ಪ್ರಾಚಾರ್ಯ ರಘೂತ್ತಮ ಗಟ್ಟಿಯಾಗಿ ಓದತೊಡಗಿದರು: "ಹೊಸ ಡಬ್ಬಿ. ಎಮ್ಮೆಯ ಗಂಜಲದಲ್ಲಿ ನೆನೆಸಿ ಹಳೆಯದು ಮಾಡಿದ್ದು. ಮೋಸಹೋದವಳು, ಭಾಗೀರಥಿಬಾಯಿ." ಓದುತ್ತಲೇ ಮೂಗಿಗೆ ಕರವಸ್ತ್ರ ಹಿಡಿದರು.

"ಬಾಯಾರ, ಇದನ್ನ ಒಂದ ಮೂಲಿಗೆ ಇಡೂಣೇನ್ರಿ?"

"ಬ್ಯಾಡ್ರಿ, ನಡುವನ ಇರ್ಲಿ. ಇದನ್ನ ಮುಚ್ಚಿಟ್ರ, ಉಳಿದವು ಖರೇವು ಅಂತ ಯಾರ ನಂಬ್ತಾರ್ರಿ?"

ರಘೂತ್ತಮ ಎರಡು ಬೆರಳಲ್ಲಿ ಆನೆಯ ಕಿವಿ ಹಿಡಿದೆತ್ತಿ, ಅದರಡಿಗೆ ಒಂದು ಹಳೆಯ ಪತ್ರಿಕೆ ಹಾಸಿದರು.